31ನೆಯವನಿಗೆ ಬೆಲೆ ಜಾಸ್ತಿ ಯಾಕೆ?

ಅಂಗಳದ ಅಂಚಿನಿಂದ: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಕೆಲವು ತಂಡಗಳಿಗೆ 30ನೇ ಸರದಿಗಿಂತ 31ನೇ ಸರದಿಯೇ ವಾಸಿಯಂತೆ. ಮುಂದೆ ನಿಂತು ಆರಿಸೋದು ಬಿಟ್ಟು ಹಿಂದೆ ನಿಲ್ತೀನಿ ಅನ್ನುವವರು ಯಾರು? ಇದರ ಮೇಲೆ ಗೆಳೆಯರ ಜತೆ ಪಂಥ ಕಟ್ಟಿದ್ದೇನೆ. ಬಿಡಿಸಿ ಹೇಳಿ. — ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಯಾವ ಕಡೆಗೆ ಪಂಥ ಕಟ್ಟಿದ್ದೀರಿ ಅಂತ ಬರೆದಿಲ್ಲ. 31 ಅಂದಿದ್ದರೆ ಮುಕ್ಕಾಲು ಗೆದ್ದಿದ್ದೀರಿ. ಉಳಿದ ಕಾಲು ಭಾಗ ಯಾಕೆ ಸೋತಿರಿ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಮೊದಲು ಐಪಿಎಲ್ ಹರಾಜನ್ನು ತಲೆಯಿಂದ ತೆಗೆಯಿರಿ. ಡ್ರಾಫ್ಟ್ ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳೋದು. ಇಲ್ಲಿ ಯಾರೂ ಕೂಗುವುದಿಲ್ಲ, ಬೆಲೆ ಏರುವುದಿಲ್ಲ. 30 ತಂಡ, ಎರಡು ಸುತ್ತು. 30ನೆಯದು ಮೊದಲ ಸುತ್ತಿನ ಕೊನೇ ಸರದಿ, 31ನೆಯದು ಎರಡನೇ ಸುತ್ತಿನ ಮೊದಲನೆಯದು. ಸರದಿ ಬಂದಾಗ ಒಂದು ಹೆಸರು ಹೇಳಬೇಕು, ಅಷ್ಟೇ. ಮೊದಲ ಸುತ್ತಿನಲ್ಲಿ ಯಾವ ಸರದಿಗೆ ಎಷ್ಟು ಸಂಬಳ ಅಂತ ಪಟ್ಟಿಯೇ ಇದೆ. ಎರಡು ವರ್ಷದ ದುಡ್ಡು ಖಾತ್ರಿ. ಮೂರನೇ ಮತ್ತು ನಾಲ್ಕನೇ ವರ್ಷ ಇಟ್ಟುಕೊಳ್ಳೋದು ಬಿಡೋದು ತಂಡದ ಇಷ್ಟ. ಎರಡನೇ ಸುತ್ತಿಗೆ ಬಂದರೆ ಈ ಪಟ್ಟಿ ಇಲ್ಲ, ಖಾತ್ರಿಯೂ ಇಲ್ಲ. ಒಂದು ವರ್ಷಕ್ಕೆ ಬೇಕಾದರೂ ಬರೆದುಕೊಳ್ಳಬಹುದು, ನಾಲ್ಕಕ್ಕೂ ಬರೆದುಕೊಳ್ಳಬಹುದು. ಸಂಬಳವನ್ನು ಚೌಕಾಸಿ ಮಾಡಿ ಗೊತ್ತು ಮಾಡಿಕೊಳ್ಳಬೇಕು.

ಇದರ ಮಹತ್ವ ಗೊತ್ತಾಗಬೇಕಾದರೆ ತಂಡದ ಒಟ್ಟು ಸಂಬಳದ ಲೆಕ್ಕ ನೋಡಬೇಕು. 2025-26ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳಕ್ಕೆ ಹಾಕಿದ ಮಿತಿ, ಸುಮಾರು 15.46 ಕೋಟಿ ಡಾಲರ್. ಗೋಲ್ಡನ್ ಸ್ಟೇಟ್ ತಂಡದ ಸ್ಟಾರ್ ಸ್ಟೀಫನ್ ಕರಿ ಒಬ್ಬರೇ ಅದೇ ವರ್ಷಕ್ಕೆ ಸುಮಾರು 5.96 ಕೋಟಿ ತೆಗೆದುಕೊಳ್ಳುತ್ತಾರೆ. ತಂಡದಲ್ಲಿ ಇರೋದು 15 ಜಾಗ. ಮಿತಿ ದಾಟೋದಕ್ಕೆ ದಾರಿಗಳೇನೋ ಇವೆ, ಹೆಚ್ಚಿನ ತಂಡಗಳು ದಾಟಿಯೂ ಇರುತ್ತವೆ. ಆದರೆ ದಾಟಿ ಇನ್ನೂ ಸಾಕಷ್ಟು ಮೇಲೆ ಹೋದರೆ ತೆರಿಗೆ ಬೀಳುತ್ತದೆ. ಅದಕ್ಕೂ ಮೇಲೆ, 20.78 ಕೋಟಿಯ ಹತ್ತಿರ, ‘ಸೆಕೆಂಡ್ ಏಪ್ರನ್’ ಅಂತ ಒಂದು ಗೆರೆ ಇದೆ. ಅದನ್ನು ದಾಟಿದವರು ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ಬದಲಿಗೆ ತರುವ ಹಾಗಿಲ್ಲ. ಹೀಗೆ ಕೈಕಾಲು ಕಟ್ಟಿಸಿಕೊಂಡ ತಂಡಕ್ಕೆ ಸುಮಾರು 12.7 ಲಕ್ಷ ಡಾಲರ್‌ಗೆ, ಅಂದರೆ ಹೊಸಬರ ಕನಿಷ್ಠ ಸಂಬಳಕ್ಕೆ, ದಿನಾ ಹದಿನೈದು ನಿಮಿಷ ಆಡಿಕೊಡುವ ಹುಡುಗ ಸಿಕ್ಕರೆ ಅದೇ ಹಬ್ಬ.

ನಾನು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೂತವಳು. ಕ್ರೀಡಾ ಕೋಟಾದಲ್ಲಿ ಸೇರಿ, ಸಂಜೆ ಆಡಿ, ಹಗಲು ಕೌಂಟರ್ ನೋಡಿಕೊಂಡವಳು. ಎಫ್‌ಡಿ ಮಾಡಿಸೋಕೆ ಬಂದವರೆಲ್ಲ ಮೊದಲು ಬಡ್ಡಿ ಎಷ್ಟು ಅಂತ ಕೇಳೋರು. ನಾನು ಎಷ್ಟು ವರ್ಷಕ್ಕೆ ಅಂತ ಕೇಳುತ್ತಿದ್ದೆ. ಎರಡನೇ ಸುತ್ತಿನ ಒಪ್ಪಂದ ನೋಡುವಾಗಲೂ ನನಗೆ ಅದೇ ಚಾಳಿ. ಸಂಬಳ ಹೇಗೂ ಚಿಲ್ಲರೆ. ಜಗಳ ಇರೋದು ವರ್ಷದಲ್ಲಿ.

2001ರಲ್ಲಿ ಗೋಲ್ಡನ್ ಸ್ಟೇಟ್ ಎರಡನೇ ಸುತ್ತಿನಲ್ಲಿ ಗಿಲ್ಬರ್ಟ್ ಅರೀನಾಸ್ ಅನ್ನುವ ಹುಡುಗನನ್ನು ತೆಗೆದುಕೊಂಡಿತು. ಒಪ್ಪಂದ ಎರಡೇ ವರ್ಷ. ಹುಡುಗ ನೋಡನೋಡುತ್ತ ಸ್ಟಾರ್ ಆಗಿಬಿಟ್ಟ. 2003ರಲ್ಲಿ ವಾಷಿಂಗ್ಟನ್ ಆರು ವರ್ಷಕ್ಕೆ 6 ಕೋಟಿ ಡಾಲರ್ ಆಚೀಚೆ ಕೊಡ್ತೀವಿ ಅಂತು. ಗೋಲ್ಡನ್ ಸ್ಟೇಟ್ ಬಳಿ ಕ್ಯಾಪ್‌ನಲ್ಲಿ ಜಾಗ ಇರಲಿಲ್ಲ. ಎರಡೇ ವರ್ಷ ತನ್ನಲ್ಲಿದ್ದವನಿಗಾಗಿ ಅಷ್ಟೊಂದು ಮಿತಿ ದಾಟಲು ನಿಯಮವೂ ಬಿಡಲಿಲ್ಲ. ತಾನೇ ಹುಡುಕಿದ ಹುಡುಗ ಕಣ್ಣೆದುರೇ ಎದ್ದು ಹೋದ. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಲ್ಲಿ ಈ ತೂತು ಮುಚ್ಚಲು ಒಂದು ನಿಯಮ ಬಂತು. ಇವತ್ತಿಗೂ ಅದನ್ನು ಅವನ ಹೆಸರಿನಲ್ಲೇ ಕರೆಯುತ್ತಾರೆ.

ಆಟಗಾರ ಬೇಕಂತಲೇ ವರ್ಷ ಕಡಿಮೆ ಮಾಡಿಕೊಂಡಿದ್ದೂ ಇದೆ. 2014ರಲ್ಲಿ ಫಿಲಡೆಲ್ಫಿಯಾ 32ನೇ ಸರದಿಯಲ್ಲಿ ಕೆ.ಜೆ. ಮೆಕ್‌ಡೇನಿಯಲ್ಸ್‌ನನ್ನು ಆರಿಸಿತು. ಆಗ ಆ ತಂಡಕ್ಕೆ ಇಂಥವರನ್ನು ನಾಲ್ಕು ವರ್ಷ ಅಗ್ಗಕ್ಕೆ ಕಟ್ಟಿಹಾಕುವ ಅಭ್ಯಾಸ. ಈತ ಒಲ್ಲೆ ಅಂದ. ಎರಡನೇ ಸುತ್ತಿನವನ ಮೇಲೆ ಹಕ್ಕು ಉಳಿಸಿಕೊಳ್ಳಬೇಕಾದರೆ ತಂಡ ಕಡೇ ಪಕ್ಷ ಒಂದು ವರ್ಷದ, ಖಾತ್ರಿಯಿಲ್ಲದ ಕನಿಷ್ಠ ಸಂಬಳದ ಕಾಗದ ಕೊಡಲೇಬೇಕು. ಅದಕ್ಕೇ ಸಹಿ ಹಾಕಿದ. ಕಾಲು ಉಳುಕಿದ್ದರೆ ಕಥೆ ಮುಗೀತಿತ್ತು. ಉಳುಕಲಿಲ್ಲ. ಮರುವರ್ಷ ಹ್ಯೂಸ್ಟನ್ ಮೂರು ವರ್ಷಕ್ಕೆ 1 ಕೋಟಿ ಡಾಲರ್ ಕೊಟ್ಟಿತು. ಗುಂಡಿಗೆ ಬೇಕಪ್ಪಾ ಇದಕ್ಕೆ. ನನ್ನಿಂದಂತೂ ಆಗ್ತಿರಲಿಲ್ಲ.

ಇನ್ನು ನಿಕೋಲಾ ಯೋಕಿಚ್. 2014ರಲ್ಲಿ 41ನೆಯವನು. ಅವನ ಹೆಸರು ಹೇಳುವಾಗ ಟಿವಿಯಲ್ಲಿ ಟ್ಯಾಕೋ ಬೆಲ್ ಜಾಹೀರಾತು ಓಡುತ್ತಿತ್ತು. ಸರ್ಬಿಯಾದಲ್ಲಿ ಅವನು ನಿದ್ದೆ ಮಾಡುತ್ತಿದ್ದ. ಒಂದು ವರ್ಷ ಅಲ್ಲೇ ಆಡಿ 2015ರಲ್ಲಿ ಡೆನ್ವರ್‌ಗೆ ಬಂದ. ಮೂರು ವರ್ಷ ಮುಗಿಯುವ ಹೊತ್ತಿಗೆ ತಂಡದ ಅತಿ ಒಳ್ಳೆ ಆಟಗಾರ ಅವನೇ. ನಾಲ್ಕನೇ ವರ್ಷಕ್ಕೆ ಬರೀ 16 ಲಕ್ಷ ಡಾಲರ್ ಕೊಟ್ಟು ಇಟ್ಟುಕೊಳ್ಳುವ ಹಕ್ಕು ತಂಡದ ಕೈಯಲ್ಲಿತ್ತು. ಡೆನ್ವರ್ ಆ ಹಕ್ಕು ಬೇಡ ಅಂತು!

ಹುಚ್ಚಾ? ಅಲ್ಲ. ಎರಡನೇ ಸುತ್ತಿನವನು ಮೂರೇ ವರ್ಷಕ್ಕೆ ಒಪ್ಪಂದ ಮುಗಿಸಿದರೆ, ಹೊರಗಿನ ಯಾವ ತಂಡ ಎಷ್ಟೇ ಕೊಡ್ತೀನಿ ಅಂದರೂ ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಹಳೇ ತಂಡಕ್ಕೆ ಇರುತ್ತದೆ. ನಾಲ್ಕು ಮುಗಿಸಿದನೋ, ಆ ಹಕ್ಕು ಹೋಯಿತು, ಅವನು ಎಲ್ಲಿ ಬೇಕಾದರೂ ಹೋಗಬಹುದು. ಒಂದು ವರ್ಷದ ಪುಕ್ಕಟೆ ಆಟ ಬಿಟ್ಟುಕೊಟ್ಟು, 2018ರಲ್ಲಿ ಐದು ವರ್ಷಕ್ಕೆ ಸುಮಾರು 14.8 ಕೋಟಿ ಡಾಲರ್ ಬರೆದುಕೊಟ್ಟರು. 2023ರ ಜೂನ್ 13ರ ಬೆಳಿಗ್ಗೆ ನಾನು ಒಲೆಯ ಮೇಲೆ ಇಡ್ಲಿ ಇಟ್ಟು ಫೈನಲ್ ನೋಡುತ್ತಿದ್ದೆ. ಡೆನ್ವರ್ ಕಪ್ ಎತ್ತಿತು, ಇಡ್ಲಿ ಪಾತ್ರೆ ತಳ ಹಿಡಿಯಿತು. ಕಪ್ ಗೆದ್ದ ಯೋಕಿಚ್‌ಗೆ ಊರಿಗೆ, ಅವನ ಕುದುರೆಗಳ ಹತ್ತಿರ ಹೋಗುವ ಅವಸರ.

ಡಲ್ಲಾಸ್‌ಗೆ ಈ ಪಾಠ ಹತ್ತಲಿಲ್ಲ. 2018ರ 33ನೆಯವನು ಜೇಲನ್ ಬ್ರನ್ಸನ್. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 61 ಲಕ್ಷ ಡಾಲರ್. ಅಗ್ಗ ಅಂದರೆ ಅಗ್ಗ. ನಾಲ್ಕೂ ವರ್ಷ ಮುಗಿದ ಮೇಲೆ, 2022ರಲ್ಲಿ, ಅವನು 10.4 ಕೋಟಿಗೆ ನ್ಯೂಯಾರ್ಕ್‌ಗೆ ನಡೆದ. ಡಲ್ಲಾಸ್ ಕೈಗೆ ಬದಲಿಗೆ ಏನೂ ಬರಲಿಲ್ಲ.

ಲೀಗ್ ಮತ್ತು ಆಟಗಾರರ ಸಂಘದ 2023ರ ಹೊಸ ಒಪ್ಪಂದ ಇದನ್ನೆಲ್ಲ ಸ್ವಲ್ಪ ಸಲೀಸು ಮಾಡಿದೆ. ಮೊದಲು ಮಿತಿ ದಾಟಿದ ತಂಡ ಕನಿಷ್ಠ ಸಂಬಳದ ದಾರಿಯಲ್ಲಿ ಹೋದರೆ ಎರಡು ವರ್ಷಕ್ಕಿಂತ ಜಾಸ್ತಿ ಬರೆಯುವ ಹಾಗಿರಲಿಲ್ಲ. ಇನ್ನೂ ವರ್ಷ ಬೇಕೆಂದರೆ ಬೇರೆ ಆಟಗಾರನಿಗೆ ಇಟ್ಟ ದುಡ್ಡಿನಿಂದ ಚೂರು ಕತ್ತರಿಸಬೇಕಿತ್ತು. ಈಗ ಎರಡನೇ ಸುತ್ತಿಗೆಂದೇ ಬೇರೆ ಬಾಗಿಲಿದೆ. ಮೂರು ವರ್ಷ ಬರೆದು ಮೂರನೆಯದು ತಂಡದ ಇಷ್ಟಕ್ಕೆ, ಇಲ್ಲವೇ ನಾಲ್ಕು ಬರೆದು ನಾಲ್ಕನೆಯದು ತಂಡದ ಇಷ್ಟಕ್ಕೆ. ಯೋಕಿಚ್ ಕಾಗದ ನೋಡಿ ನಕಲು ಹೊಡೆದ ಹಾಗಿದೆ, ಅಲ್ವಾ?

ಈಗ ನೀವು ಸೋತ ಕಾಲು ಭಾಗ. 30ನೆಯವನು ನಾಲ್ಕು ವರ್ಷ ಅಗ್ಗಕ್ಕೆ ಆಡಿದ ಮೇಲೂ ಬೇರೆಯವರಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ತಂಡಕ್ಕೆ ಇದ್ದೇ ಇರುತ್ತದೆ. ಅದು ಮೊದಲ ಸುತ್ತಿನವರಿಗೆ ಮಾತ್ರ. ಹುಡುಗ ನಿಜವಾಗಿ ದೊಡ್ಡವನಾಗ್ತಾನೆ ಅನ್ನುವ ನಂಬಿಕೆ ಇದ್ದರೆ 30 ವಾಸಿ. ನಂಬಿಕೆ ಅರೆಬರೆ ಇದ್ದರೆ 31. ಪಂಥದ ದುಡ್ಡನ್ನು ಇದೇ ಲೆಕ್ಕದಲ್ಲಿ ಹಂಚಿಕೊಳ್ಳಿ.

ಪ್ರಶ್ನೆ: ಆರಿಸಿದವನನ್ನು ಯೂರೋಪಿನಲ್ಲೇ ಬಿಟ್ಟು ಕಾಯುತ್ತಾರಲ್ಲ, ಅದರಿಂದ ಏನು ಲಾಭ? — ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಲೆಡ್ಜರ್ ಹಗುರಾಗಿರುತ್ತದೆ ಸರ್. ಮೊದಲ ಸುತ್ತಿನವನು ಸಹಿ ಹಾಕದೇ ಇದ್ದರೂ ಸಾಮಾನ್ಯವಾಗಿ ಅವನ ಹೆಸರಿಗೆ ಒಂದು ಮೊತ್ತ ಕ್ಯಾಪ್‌ನಲ್ಲಿ ಜಾಗ ಹಿಡಿದುಕೊಂಡಿರುತ್ತದೆ. ಎರಡನೇ ಸುತ್ತಿನವನಿಗೆ ಅದಿಲ್ಲ. ಬೇರೆ ಯಾರದೋ ಖರ್ಚಿನಲ್ಲಿ ಪಳಗುತ್ತಾನೆ, ಹಕ್ಕು ಮಾತ್ರ ನಿಮ್ಮದು. ಸ್ಯಾನ್ ಆಂಟೋನಿಯೊ 1999ರಲ್ಲಿ 57ನೆಯವನಾಗಿ ಮನು ಜಿನೋಬಿಲಿಯನ್ನು ಬರೆದುಕೊಂಡಿತು. ಅರ್ಜೆಂಟೀನಾದವರು, ಇಟಲಿಯಲ್ಲಿ ಆಡುತ್ತಿದ್ದರು. 2002ರಲ್ಲಿ ಬಂದರು, ನಾಲ್ಕು ಸಲ ಕಪ್ ಗೆದ್ದರು.

ಪ್ರಶ್ನೆ: ಆಂಟಿ, ನಮ್ಮ ದೇಶದ ಸತ್ನಾಮ್ ಸಿಂಗ್ ಡ್ರಾಫ್ಟ್ ಆಗಿಯೂ ಒಂದು ಪಂದ್ಯ ಕೂಡ ಆಡಲಿಲ್ಲ ಯಾಕೆ? — ಒಂಬತ್ತನೇ ತರಗತಿ, ಬೆಂಗಳೂರು

ಉತ್ತರ: 2015ರಲ್ಲಿ ಡಲ್ಲಾಸ್ ಅವನನ್ನು 52ನೆಯವನಾಗಿ ಆರಿಸಿತು ಪುಟ್ಟಾ. ಪಂಜಾಬಿನ ಬಲ್ಲೋ ಕೆ ಹಳ್ಳಿಯವನು, ಏಳು ಅಡಿ ಎರಡು ಇಂಚು. ಡ್ರಾಫ್ಟ್ ಆದ ಮೊದಲ ಭಾರತದವನು. ಆದರೆ ಹೆಸರು ಕರೆದರು ಅಂದರೆ ಕೆಲಸ ಸಿಕ್ಕಿತು ಅಂತಲ್ಲ. ಅವನನ್ನು ಕೆಳಗಿನ ಲೀಗ್‌ನ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ವರ್ಷ ಆಡಿಸಿದರು. ‘ಟೂ-ವೇ’ ಒಪ್ಪಂದ ಅಂತ ಬಂದದ್ದು 2017ರಲ್ಲಿ. ಕನಿಷ್ಠ ಸಂಬಳದ ಅರ್ಧ ಕೊಡುತ್ತಾರೆ, ಅದು ಕ್ಯಾಪ್ ಲೆಕ್ಕಕ್ಕೆ ಬರುವುದಿಲ್ಲ, ಹುಡುಗ ಮೇಲಿನ ತಂಡಕ್ಕೂ ಕೆಳಗಿನದಕ್ಕೂ ಓಡಾಡುತ್ತಾನೆ. ಈಗ ಒಂದೊಂದು ತಂಡಕ್ಕೆ ಇಂಥ ಮೂರು ಜಾಗ. ಅವನ ಕಾಲಕ್ಕೆ ಒಂದೂ ಇರಲಿಲ್ಲ. ನಾನು ಜಿಲ್ಲಾ ತಂಡದಲ್ಲಿ ಹನ್ನೆರಡನೆಯವಳಾಗಿದ್ದೆ. ಬಸ್ ಚಾರ್ಜು ಹತ್ತೇ ಜನಕ್ಕೆ ಬಂದಿತ್ತು. ಆದ್ದರಿಂದ ಅವನನ್ನು ಸೋತವನು ಅಂತ ನಾನು ಕರೆಯಲ್ಲ.

ಪ್ರಶ್ನೆ: ಸರದಿಯನ್ನೇ ದುಡ್ಡಿಗೆ ಮಾರುತ್ತಾರಂತೆ, ಹೌದೇ? — ಅಂಗಡಿ ವ್ಯಾಪಾರಿ, ದಾವಣಗೆರೆ

ಉತ್ತರ: ಹೌದು. 2017ರಲ್ಲಿ ಚಿಕಾಗೊ 38ನೇ ಸರದಿಯನ್ನು 35 ಲಕ್ಷ ಡಾಲರ್‌ಗೆ ಗೋಲ್ಡನ್ ಸ್ಟೇಟ್‌ಗೆ ಕೊಟ್ಟಿತು. ಹಿಂದಿನ ವರ್ಷವೂ ಗೋಲ್ಡನ್ ಸ್ಟೇಟ್ ಅದೇ 38ನ್ನು ಮಿಲ್ವಾಕಿಯಿಂದ ಕೊಂಡಿತ್ತು. ಸರದಿಗೆ ಕೊಟ್ಟ ನಗದು ಕ್ಯಾಪ್ ಲೆಕ್ಕಕ್ಕೆ ಬರುವುದಿಲ್ಲ. ಈಗ ಸೆಕೆಂಡ್ ಏಪ್ರನ್ ದಾಟಿದವರು ಹೀಗೆ ನಗದು ಕೊಡುವ ಹಾಗಿಲ್ಲ. 2017ರಲ್ಲಿ ಬಂದ ಹುಡುಗ ಜೋರ್ಡನ್ ಬೆಲ್, ಮರುವರ್ಷ ಕಪ್ ಗೆದ್ದ ತಂಡದಲ್ಲಿದ್ದ. 2019ರಲ್ಲಿ ಮಿನ್ನೆಸೋಟಾಗೆ ಹೊರಟುಹೋದ. ಅವನ ಕಾಗದ ಎಷ್ಟು ವರ್ಷದ್ದು ಅಂತ ಹುಡುಕಿ ನೋಡಿದೆ. ಎರಡು.