ಮೂರು ತಲೆಮಾರಿನ ಸರ್ಕಸ್ ಕುಟುಂಬ ನಮ್ಮದು. ನಾನು ಬೇಡವೆಂದರೆ ಪರಂಪರೆ ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ. ಅಜ್ಜ, ಅಪ್ಪ ಇಬ್ಬರೂ ಟ್ರಾಪೀಸ್, ಅಂದರೆ ಎತ್ತರದಲ್ಲಿ ತೂಗುವ ಕೋಲು ಹಿಡಿದು ಹಾರುವ ಆಟ, ಆಡಿದವರು, ನೀವು ಉಡುಪಿಯಲ್ಲಿ ಬಿ.ಕಾಂ. ಮುಗಿಸುತ್ತಿದ್ದೀರಿ, ಅಪ್ಪ ಮಾತ್ರ ‘ನಮ್ಮ ರಕ್ತದಲ್ಲೇ ಇದೆ’ ಎಂದು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಆ ರಕ್ತದ ಮಾತು ಕೇಳಿಯೇ ನಾನು ಬೆಳೆದದ್ದು. ನನ್ನ ಎಡ ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಮ್ಮಜ್ಜ ಕೇರಳದ ತಲಶ್ಶೇರಿಯವರು. ಅಪ್ಪ ಕ್ಯಾಚರ್ ಆಗಿದ್ದರು. ಮೇಲೆ ತಲೆಕೆಳಗಾಗಿ ತೂಗುತ್ತಾ ಹಾರಿ ಬಂದವರ ಮಣಿಕಟ್ಟು ಹಿಡಿಯುವ ಕೆಲಸ ಅದು. ಚಪ್ಪಾಳೆ ಹಾರಿದವನಿಗೆ, ಭುಜದ ನೋವು ಹಿಡಿದವನಿಗೆ. ಊರೂರು ಸುತ್ತಿ ಮಂಗಳೂರಿಗೆ ಬಂದು ನೆಹರೂ ಮೈದಾನದಲ್ಲಿ ಡೇರೆ ಹಾಕಿದಾಗ ಮಾತ್ರ ನಮಗೆ ಮನೆಯೂಟ. ಬೋಳಾರದ ಬಾಡಿಗೆ ಮನೆಯಿಂದ ಅಮ್ಮ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು.

ಹೊರಗಿನಿಂದ ಬಂದ ಹುಡುಗರಿಗೆ ನಮ್ಮಲ್ಲಿ ಮೊದಲು ಹಾರುವುದನ್ನು ಕಲಿಸುತ್ತಿರಲಿಲ್ಲ, ಬೀಳುವುದನ್ನು ಕಲಿಸುತ್ತಿದ್ದರು. ಮೊದಲು ತಗ್ಗಿನಿಂದ, ಆಮೇಲೆ ಹಲಗೆಯಿಂದ, ಬಲೆಗೆ ಬರೀ ಬೀಳುವುದು. ನನ್ನ ಸರದಿ ಬಂದಾಗ ಮಾಸ್ತರರು ‘ಕ್ಯಾಚರ್ ಮಗನಿಗೆ ನಾನೇನು ಹೇಳಿಕೊಡುವುದು’ ಎಂದು ನಕ್ಕರು. ನಾನೂ ಉಬ್ಬಿಹೋದೆ. ನನ್ನನ್ನು ಕುಂಟನನ್ನಾಗಿ ಮಾಡಿದ್ದು ಆ ಒಂದು ನಗು.

ಏಕೆಂದರೆ ಬಲೆ ಎಂದರೆ ಹಾಸಿಗೆಯಲ್ಲ. ಬೆನ್ನ ಮೇಲೆ ಬಿದ್ದರೆ ಭಾರ ಇಡೀ ಮೈಗೆ ಹರಡುತ್ತದೆ, ಬಲೆ ತಗ್ಗಿ ನಿಮ್ಮನ್ನು ಮೆಲ್ಲಗೆ ಮೇಲಕ್ಕೆ ಎಸೆಯುತ್ತದೆ. ಗದ್ದ ಎದೆಗೆ ಒತ್ತಿರಬೇಕು, ಕೈ ಚಾಚಬಾರದು. ಕಾಲೂರಿ ಬಿದ್ದರೆ ಅಷ್ಟೂ ಭಾರ ಅಂಗೈಯಗಲದ ಜಾಗದ ಮೇಲೆ. ಪಾದ ಕಣ್ಣಿಯೊಳಗೆ ಇಳಿಯುತ್ತದೆ, ಬಲೆ ಮೇಲಕ್ಕೆ ಚಿಮ್ಮುತ್ತದೆ, ನಡುವೆ ಸಿಕ್ಕಿದ ಮೊಣಕಾಲು ತಿರುಚುತ್ತದೆ. ಅಪ್ಪನ ಕೈ ತಪ್ಪಿದ ಕೂಡಲೇ ಬಲೆ ಎಲ್ಲಿದೆ ಎಂದು ನಾನು ಕೆಳಗೆ ನೋಡಿದೆ. ನೋಡಬಾರದು. ತಲೆ ಬಲೆಯತ್ತ ತಿರುಗಿದರೆ ಮೈಯೂ ಅದರ ಹಿಂದೆ ಹೋಗುತ್ತದೆ, ಕಾಲು ತಾನಾಗಿ ನೆಲ ಹುಡುಕುತ್ತದೆ. ಬೀಳುವವರೆಲ್ಲ ಮಾಡುವುದೇ ಅದನ್ನು. ಆ ಸ್ವಭಾವವನ್ನು ಮರೆಸುವುದಕ್ಕೇ ಅಷ್ಟು ಅಭ್ಯಾಸ. ಹೊರಗಿನ ಹುಡುಗರಿಗೆ ಅದು ಮರೆತಿತ್ತು, ಮೂರನೆಯ ತಲೆಮಾರಿನ ನನಗೆ ಮರೆತಿರಲಿಲ್ಲ. ಬ್ಯಾಂಡಿನವರು ಮಾತ್ರ ನುಡಿಸುತ್ತಲೇ ಇದ್ದರು. ಏನಾದರೂ ಆದಾಗ ನಿಲ್ಲಿಸಬಾರದು ಎಂಬುದು ಅವರ ಕಟ್ಟಳೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸರ್ಕಸ್ ರಕ್ತದಲ್ಲಿ ಬರುವ ವಿದ್ಯೆಯಲ್ಲ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ತಲಶ್ಶೇರಿಯಲ್ಲೂ ಶಾಲೆ ನಡೆಸುತ್ತಿತ್ತು. ಅಲ್ಲಿ ವ್ಯಾಯಾಮ ಕಲಿಸುತ್ತಿದ್ದವರು ಕೀಲೇರಿ ಕುಂಞಿಕಣ್ಣನ್. ಮರಾಠಿಯವರಾದ ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಸರ್ಕಸ್ ತಲಶ್ಶೇರಿಗೆ ಬಂದಾಗ ಇಬ್ಬರಿಗೂ ಪರಿಚಯವಾಯಿತು. 1901ರಲ್ಲಿ ಕುಂಞಿಕಣ್ಣನ್ ತಲಶ್ಶೇರಿ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಅಲ್ಲಿಗೆ ಸೇರಿದ ಮೊದಲ ಹುಡುಗರು ಯಾವ ಸರ್ಕಸ್ ಮನೆತನದವರು? ಆಗ ಅಂಥ ಮನೆತನವೇ ಆ ಊರಿನಲ್ಲಿರಲಿಲ್ಲ. ಊರವರ ಮಕ್ಕಳು ಬಂದರು, ಕಲಿತರು, ದೇಶವಿಡೀ ಡೇರೆ ಹಾಕಿದರು. ಮನೆತನ ಎಂಬ ಹೆಮ್ಮೆ ಆಮೇಲೆ ಹುಟ್ಟಿದ್ದು.

ನಿಮ್ಮ ಅಪ್ಪನಿಗೂ ನಿಮಗೂ ಇನ್ನೊಂದು ವ್ಯತ್ಯಾಸವಿದೆ. ಅವರ ಕಾಲದಲ್ಲಿ ಹಾಲುಹಲ್ಲು ಬೀಳುವ ವಯಸ್ಸಿಗೇ ಮೈ ಬಗ್ಗಿಸಲು ಕೂರಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ತಡೆ ಹಾಕಿತು. ಸರಿಯಾಗಿಯೇ ಹಾಕಿತು, ಹಳಬರು ಏನೇ ಗೊಣಗಲಿ. ಹಾಗಾಗಿ ನೀವು ಈಗ ಹೋದರೆ ಹೊರಗಿನ ಹುಡುಗಿಯಂತೆಯೇ ಮೊದಲಿನಿಂದ ಕಲಿಯಬೇಕು. ಪದವಿ ಮುಗಿಸಿ, ಅದರಲ್ಲಿ ಚರ್ಚೆಯೇ ಬೇಡ. ಆಮೇಲೂ ಹಾರುವ ಆಸೆ ಇದ್ದರೆ ಹೋಗಿ, ಆದರೆ ಯಾರ ಮಗಳು ಎಂದು ಹೇಳಿಕೊಳ್ಳಬೇಡಿ, ಬಲೆಗೆ ಬೀಳುವುದರಿಂದಲೇ ಶುರುಮಾಡಿಸಿ ಎಂದು ಕೇಳಿ. ಸಂಬಳ, ವಿಮೆ, ಭವಿಷ್ಯನಿಧಿ ಕಾಗದದ ಮೇಲೆ ಬರಲಿ. ನನ್ನ ಆಸ್ಪತ್ರೆಯ ಖರ್ಚಿಗೆ ಹೋದದ್ದು ಅಮ್ಮನ ಬಳೆ.

ನಾನೀಗ ಬಂದರಿನಲ್ಲಿ ಹಗ್ಗ, ಟಾರ್ಪಾಲಿನ್ ಮಾರುವ ಅಂಗಡಿಯಲ್ಲಿದ್ದೇನೆ. ಹಗ್ಗ ಹೆಣೆಯುವುದು, ಗಂಟು ಹಾಕುವುದು ಡೇರೆಯಲ್ಲೇ ಕಲಿತದ್ದು. ದೋಣಿಯವರು ಅದಕ್ಕೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮಳೆಗಾಲಕ್ಕೆ ಮೊದಲು ಉಸಿರಾಡಲೂ ಪುರಸೊತ್ತಿರುವುದಿಲ್ಲ.

ಅಪ್ಪ ಸಿಟ್ಟಾದರೆ ಚಿರಕ್ಕರದ ಕಥೆಯನ್ನೇ ಮುಂದಿಡಿ. ಹಳೆಯ ಸರ್ಕಸ್‌ನವರಾಗಿದ್ದರೆ ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.