ಸಂಪಾದಕರ ಉತ್ತರ: ಸೋಲು–ಗೆಲುವಿಲ್ಲದ ಜುಗಲ್‌ಬಂದಿ

ಯಾದಗಿರಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಮತ್ತು ಗಿಟಾರ್ ವಾದಕ ಜಿಮ್ ಹಾಲ್ ಅವರ ‘ಅಂಡರ್‌ಕರೆಂಟ್’ ಧ್ವನಿಮುದ್ರಿಕೆಯ ಬಗ್ಗೆ ತಾವು ಬರೆದದ್ದನ್ನು ಓದಿ, ಅದನ್ನು ಹುಡುಕಿ ಕೇಳಿದೆ. ನಿರಾಸೆಯಾಯಿತು. ತಬಲಾ ಇಲ್ಲ, ಸವಾಲ್–ಜವಾಬ್ ಇಲ್ಲ, ಇಬ್ಬರಲ್ಲಿ ಯಾರು ಮೇಲು ಎಂಬುದೂ ತಿಳಿಯಲಿಲ್ಲ. ನಮ್ಮ ಜುಗಲ್‌ಬಂದಿಯ ಕಾವು ಇದರಲ್ಲೆಲ್ಲಿದೆ? ತತ್ವಪದಗಳ ಈ ನಾಡಿನ ಪತ್ರಿಕೆಯಲ್ಲಿ ಅಮೆರಿಕದ ಜಾಝ್‌ಗೆ ಎರಡು ಪುಟ ಬೇಕಿತ್ತೆ?”

ಮಾನ್ಯರೇ,

ಕೇಳದೆಯೇ ಅಭಿಪ್ರಾಯ ಹೇಳುವವರು ಹೆಚ್ಚಾಗಿರುವಾಗ ತಾವು ಹುಡುಕಿ ಕೇಳಿ, ಆಮೇಲೆ ಜಗಳಕ್ಕೆ ಬಂದಿದ್ದೀರಿ. ಅದಕ್ಕೆ ಮೊದಲು ನಮಸ್ಕಾರ. ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ನುಡಿಸಿಯೇ ಉತ್ತರಿಸುವ ಸವಾಲ್–ಜವಾಬಿನ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಮೈಹರದ ಬಾಬಾ ಅಲ್ಲಾವುದ್ದೀನ್ ಖಾನರ ಕೈಯಲ್ಲಿ ಪಳಗಿದ ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನರು ಸಿತಾರ್–ಸರೋದ್ ಹಿಡಿದು ಎದುರುಬದುರಾದಾಗ ಹುಟ್ಟುತ್ತಿದ್ದ ಬಿಸಿ ನನ್ನನ್ನೂ ತಟ್ಟಿದೆ. ಆದರೆ ತಮ್ಮ ಪತ್ರದ ಒಂದು ಮಾತು ಮಾತ್ರ ನನ್ನನ್ನು ಬಿಡದೆ ಕಾಡುತ್ತಿದೆ. “ಯಾರು ಮೇಲು” ಎಂದು ಕೇಳಿದ್ದೀರಿ. ಸಂಗೀತ ಬಲ್ಲ ತಮ್ಮಂಥವರ ಬಾಯಲ್ಲಿ ಈ ಪ್ರಶ್ನೆ ಬರಬಾರದಿತ್ತು.

ಪಿಯಾನೊ ಮತ್ತು ಗಿಟಾರ್ ಸ್ವಭಾವತಃ ಹೊಂದಿಕೊಳ್ಳುವ ಜೋಡಿಯಲ್ಲ. ಒಂದಕ್ಕೆ 88 ಮನೆಗಳು, ಇನ್ನೊಂದಕ್ಕೆ 6 ತಂತಿಗಳು. ಎರಡೂ ರಾಗವನ್ನು ನುಡಿಸಬಲ್ಲವು, ಜೊತೆಗೆ ಹಲವು ಸ್ವರಗಳನ್ನು ಒಮ್ಮೆಗೇ ಹಿಡಿದು ಗುಚ್ಛವಾಗಿಯೂ ಹೊಮ್ಮಿಸಬಲ್ಲವು. ಜಾಝ್‌ನ ಜೀವ ಇರುವುದೇ ಆ ಗುಚ್ಛಗಳಲ್ಲಿ. ಇಬ್ಬರೂ ಏಕಕಾಲಕ್ಕೆ ತಮ್ಮ ತಮ್ಮ ಗುಚ್ಛಗಳನ್ನು ಸುರಿದರೆ ಒಂದರ ಸ್ವರ ಇನ್ನೊಂದಕ್ಕೆ ಬಡಿದು ನಾದ ಕಲಸಿಹೋಗುತ್ತದೆ. ಹಾಗಾಗಿ ಎಷ್ಟೋ ಮೇಳಗಳಲ್ಲಿ ಪಿಯಾನೊ ಇದ್ದರೆ ಗಿಟಾರ್ ಇರುವುದಿಲ್ಲ, ಗಿಟಾರ್ ಇದ್ದರೆ ಪಿಯಾನೊ ಇರುವುದಿಲ್ಲ. ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್ ವೇದಿಕೆಗಳಿಂದ ದೂರ ಸರಿದು, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ರಿಯಾಜ್ ಮಾಡಿ ಮರಳಿದಾಗ, 1962ರ ‘ದಿ ಬ್ರಿಜ್’ ಧ್ವನಿಮುದ್ರಿಕೆಗೆ ಪಿಯಾನೊ ಬೇಡವೆಂದು ಗಿಟಾರನ್ನೇ ಆರಿಸಿಕೊಂಡ. ಆ ಗಿಟಾರ್ ಇದೇ ಜಿಮ್ ಹಾಲ್‌ನದು.

ಅದೇ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಾಲ್, ಎವನ್ಸ್ ಜೊತೆ ಕೂತು ‘ಅಂಡರ್‌ಕರೆಂಟ್’ ನುಡಿಸಿದ. ಎವನ್ಸ್ ಆಗ ದೊಡ್ಡ ಪೆಟ್ಟು ತಿಂದಿದ್ದ. ಅವನ ತ್ರಯದಲ್ಲಿ ಬೇಸ್ ನುಡಿಸುತ್ತಿದ್ದ ಸ್ಕಾಟ್ ಲಫಾರೊ ಹಿಂದೆ ನಿಂತು ತಾಳ ಎಣಿಸುವವನಾಗಿರಲಿಲ್ಲ, ಪಿಯಾನೊದ ಮಾತಿಗೆ ಮಾತು ಕೂಡಿಸುವವನಾಗಿದ್ದ. ನ್ಯೂಯಾರ್ಕಿನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಆ ತ್ರಯದ ವಾದನ ಧ್ವನಿಮುದ್ರಣಗೊಂಡ ಹನ್ನೊಂದನೆಯ ದಿನ, 1961ರ ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಎವನ್ಸ್ ತಿಂಗಳುಗಟ್ಟಲೆ ಸಭೆಗಳಲ್ಲಿ ನುಡಿಸಲಿಲ್ಲ. ಹಾಗೆ ಮೌನವಾಗಿದ್ದವನು ಮರುವರ್ಷ ಬೇಸ್ ಇಲ್ಲದೆ, ಡ್ರಮ್ಸ್ ಇಲ್ಲದೆ, ಒಬ್ಬ ಗಿಟಾರ್ ವಾದಕನ ಎದುರು ಕೂತ ಎಂಬುದನ್ನು ನೆನೆದರೆ ಆ ಧ್ವನಿಮುದ್ರಿಕೆ ನನಗೆ ಬೇರೆಯೇ ಆಗಿ ಕೇಳಿಸುತ್ತದೆ. ಅವರಿಬ್ಬರೂ ಅಪರಿಚಿತರೇನಲ್ಲ. ಜಾಝ್ ಸಂಯೋಜಕ ಜಾನ್ ಲೂಯಿಸ್ 1959ರಲ್ಲಿ ಒಂದು ಚಲನಚಿತ್ರಕ್ಕೆ ಮಾಡಿದ ಸಂಗೀತದಲ್ಲಿ ಇಬ್ಬರೂ ನುಡಿಸಿದ್ದರು. ಅದರ ‘ಸ್ಕೇಟಿಂಗ್ ಇನ್ ಸೆಂಟ್ರಲ್ ಪಾರ್ಕ್’ ಎಂಬ ಮೂರು ಮಾತ್ರೆಯ ನಡೆಯ ರಚನೆ ಇಲ್ಲಿಯೂ ಇದೆ.

ಈಗ ‘ಅಂಡರ್‌ಕರೆಂಟ್’ನ ಮೊದಲ ರಚನೆ ‘ಮೈ ಫನ್ನಿ ವ್ಯಾಲೆಂಟೈನ್’ ಅನ್ನು ಮತ್ತೊಮ್ಮೆ ಹಚ್ಚಿರಿ. ರಾಜರ್ಸ್ ಮತ್ತು ಹಾರ್ಟ್ 1937ರಲ್ಲಿ ಕಟ್ಟಿದ ಈ ಹಾಡನ್ನು ಸಾಮಾನ್ಯವಾಗಿ ವಿಲಂಬಿತದಲ್ಲಿ, ನಿಟ್ಟುಸಿರಿನಂತೆ ಹಾಡುತ್ತಾರೆ. ಇವರು ಅದನ್ನು ದ್ರುತದಲ್ಲಿ ಎತ್ತಿಕೊಳ್ಳುತ್ತಾರೆ. ಎವನ್ಸ್‌ನ ಸರದಿ ಬಂದಾಗ ಕಿವಿಯನ್ನು ಪಿಯಾನೊದಿಂದ ಕಿತ್ತು ಗಿಟಾರಿನ ಮೇಲೆ ಇಡಿರಿ. ಹಾಲ್ ರಾಗವನ್ನೆಲ್ಲ ಬಿಟ್ಟುಕೊಟ್ಟು, ಆವರ್ತಕ್ಕೆ ನಾಲ್ಕರಂತೆ ಸಮವಾಗಿ ತಂತಿಗಳನ್ನು ಸವರುತ್ತಾನೆ. ಸ್ವರಕ್ಕಿಂತ ಹೆಚ್ಚಾಗಿ ತಂತಿಯ ಉಜ್ಜುವಿಕೆಯೇ ಕೇಳಿಸುತ್ತದೆ. ತಬಲಾ ಇಲ್ಲವೆಂದಿರಿ. ತಾಳದ ನಡೆಯನ್ನು ಕಾಯುವ ಠೇಕಾದ ಕೆಲಸವನ್ನು ಗಿಟಾರ್ ಮಾಡುತ್ತಿದೆ, ಮಾನ್ಯರೇ, ತಾವು ಪಿಯಾನೊವನ್ನಷ್ಟೇ ಕೇಳುತ್ತಿದ್ದಿರಿ. ಆ ಸಮಗತಿಯ ಆಸರೆ ಸಿಕ್ಕಿದ್ದರಿಂದಲೇ ಎವನ್ಸ್ ತನ್ನ ಎಡಗೈಯನ್ನು ಹಗುರಮಾಡಿಕೊಂಡು, ಲಯಕ್ಕೆ ಅಡ್ಡಡ್ಡ ಹೋಗಿಯೂ ಆವರ್ತದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಬಂದು ಸೇರುತ್ತಾನೆ. ಹಾಲ್‌ನ ಸರದಿಯಲ್ಲಿ ಅದೇ ಎವನ್ಸ್ ಎರಡೋ ಮೂರೋ ಸ್ವರಗಳ ಚಿಕ್ಕ ಗುಚ್ಛ ಇಟ್ಟು, ಜಾಗ ಬಿಟ್ಟು ಸುಮ್ಮನಾಗುತ್ತಾನೆ. ಮೇಲಿದ್ದವನು ಕೆಳಗೆ, ಕೆಳಗಿದ್ದವನು ಮೇಲೆ, ಹೀಗೆ ಜಾಗ ಬದಲಾಗುವುದು ಗೊತ್ತೇ ಆಗದಷ್ಟು ನಯವಾಗಿ ನಡೆಯುತ್ತದೆ. ತಾವು ಕೇಳುವ ಕಾವು ಇಲ್ಲಿಯೇ ಇದೆ.

ಹಾಲ್‌ಗೆ ಈ ಸಮಗತಿ ಆಕಾಶದಿಂದ ಬಿದ್ದದ್ದಲ್ಲ. ಜಾಝ್ ಪಿಯಾನೊ ವಾದಕ ಕೌಂಟ್ ಬೇಸಿಯ ವಾದ್ಯವೃಂದದಲ್ಲಿ ಫ್ರೆಡ್ಡಿ ಗ್ರೀನ್ ಎಂಬ ಗಿಟಾರ್ ವಾದಕನಿದ್ದ. 1937ರಲ್ಲಿ ಸೇರಿದವನು 1987ರಲ್ಲಿ ಸಾಯುವತನಕ, ಹೆಚ್ಚುಕಡಿಮೆ 50 ವರ್ಷ, ಒಂಟಿ ವಾದನದ ಗೋಜಿಗೆ ಹೆಚ್ಚಾಗಿ ಹೋಗದೆ ಆ ನಾಲ್ಕು ಪೆಟ್ಟುಗಳನ್ನೇ ನುಡಿಸಿದ. ಅವನ ಗಿಟಾರ್ ಕಿವಿಗೆ ಬಿದ್ದೂ ಬೀಳದಂತಿರುತ್ತಿತ್ತು, ಆದರೆ ಇಡೀ ವೃಂದ ನಿಂತಿದ್ದೇ ಅದರ ಮೇಲೆ. ಎವನ್ಸ್ ಮತ್ತು ಹಾಲ್ 1966ರಲ್ಲಿ ‘ಇಂಟರ್‌ಮಾಡ್ಯುಲೇಶನ್’ಗಾಗಿ ಮತ್ತೆ ಇಬ್ಬರೇ ಕೂಡಿದರು. ಅದರಲ್ಲಿರುವ ಎವನ್ಸ್‌ನ ‘ಟರ್ನ್ ಔಟ್ ದ ಸ್ಟಾರ್ಸ್’ ಅನ್ನು ತಾವು ಬಿಡಬಾರದು.

ತತ್ವಪದಗಳ ನಾಡಿನಲ್ಲಿ ಇದೆಲ್ಲ ಏಕೆ ಎಂದಿರಿ. ತತ್ವಪದಗಳ ನಾಡು ಎಂಬ ಕಾರಣಕ್ಕೇ! ಕಡಕೋಳ ಮಡಿವಾಳಪ್ಪನವರ ಪದಗಳನ್ನು ಅಮಾವಾಸ್ಯೆಯ ರಾತ್ರಿ ಭಜನೆಯವರು ಹಾಡುವಾಗ ಏಕತಾರಿ ಹಿಡಿದವನಿಗೂ ದಮ್ಮಡಿ ಬಡಿಯುವವನಿಗೂ ಪೈಪೋಟಿ ಇರುತ್ತದೆಯೇ? ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಅದನ್ನು ಹೊತ್ತು ಅವನಿಗೆ ಉಸಿರಾಡಲು ಬಿಡುತ್ತಾರೆ. ಯಾರು ಮೇಲು ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ಗಿಟಾರ್ ನಮ್ಮದಲ್ಲ ಎನ್ನುವುದಾದರೆ, 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮರ ಸಂತೂರ್ ಮತ್ತು ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿಯ ನಡುವೆ ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಹೇಗೆ ಬೆರೆತಿದೆ ಕೇಳಿರಿ.

ಜಾಝ್‌ಗಿಂತ ಆಳವಾದ ನೋವೊಂದು ನನಗಿದೆ. ನಮ್ಮ ಕಡೆ ಸಾಥಿಯನ್ನು, ಅಂದರೆ ಗಾಯಕರ ಜೊತೆಗೆ ನುಡಿಸುವವನನ್ನು, ಆಳಿನಂತೆ ಕಾಣುವ ಚಾಳಿ ಬೆಳೆದಿದೆ. ಆಳಂದದ ಕಡೆಯ ಒಂದು ಜಾತ್ರೆಯ ಸಂಗೀತ ಸಭೆಯಲ್ಲಿ ಹಾರ್ಮೋನಿಯಂ ವಾದಕರೊಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಗಾಯಕರು ಆಲಾಪದಲ್ಲಿ ನಿಷಾದದ ಮೇಲೆ ನಿಂತಾಗ ಅವರ ಬೆರಳುಗಳು ಮನೆಗಳನ್ನು ಮುಟ್ಟಿಕೊಂಡೇ ಇದ್ದವು, ಒತ್ತುತ್ತಿರಲಿಲ್ಲ, ಎಡಗೈಯ ಭಾತೆಯೂ ತಡೆದು ನಿಂತಿತ್ತು. ಗಾಯಕರು ಷಡ್ಜಕ್ಕೆ ಮುಟ್ಟಿ ಉಸಿರು ತೆಗೆದುಕೊಂಡ ಮೇಲಷ್ಟೇ ಅವರು ಆ ಇಡೀ ಹಾದಿಯನ್ನು ಮೆಲ್ಲಗೆ ನಡೆದು ತೋರಿಸಿದರು. ಕೊನೆಗೆ ನಿರೂಪಕರು ದಾನಿಗಳ ಹೆಸರುಗಳನ್ನು ಎರಡೆರಡು ಸಲ ಓದಿದರು, ಶಾಮಿಯಾನದವರಿಗೂ ವಂದನೆ ಹೇಳಿದರು, ಆ ವಾದಕರ ಹೆಸರು ಮಾತ್ರ ಬರಲಿಲ್ಲ. 1940ರಲ್ಲಿ ರೇಡಿಯೊದಿಂದ ಹಾರ್ಮೋನಿಯಂ ಅನ್ನೇ ಹೊರಗಿಟ್ಟು, ಮೂರು ದಶಕ ಒಳಗೆ ಬಿಡದ ದೇಶ ನಮ್ಮದು. ಅದೊಂದು ಶಾಸ್ತ್ರದ ವಾದವಾದರೂ ಆಗಿತ್ತು. ಈಗಿನದು ಬರೀ ಅಸಡ್ಡೆ. ಆಮಂತ್ರಣ ಪತ್ರಿಕೆಯಲ್ಲಿ ಗಾಯಕರ ಭಾವಚಿತ್ರ ಅಂಗೈಯಗಲ, ಸಾಥಿಗಳ ಹೆಸರು ಮುದ್ರಕರ ಹೆಸರಿಗಿಂತ ಚಿಕ್ಕದು, ಎಷ್ಟೋ ಸಲ ಅದೂ ಇಲ್ಲ. ಸಭಿಕರೂ ಸಾಥಿಗೆ ಚಪ್ಪಾಳೆ ತಟ್ಟುವುದು ಅವನು ಮುನ್ನುಗ್ಗಿ ಮೆರೆದಾಗಲೇ. ಒಳ್ಳೆಯ ತಬಲಾ ವಾದಕ ಅಂಥ ಚಪ್ಪಾಳೆಯ ರುಚಿ ಹತ್ತಿ, ವಿಲಂಬಿತ ಖ್ಯಾಲಿನಲ್ಲಿಯೂ ಠೇಕಾ ಬಿಟ್ಟು ಬೋಲುಗಳನ್ನು ತುಂಬತೊಡಗಿದ್ದನ್ನು ಕಂಡಿದ್ದೇನೆ. ಆ ಸಭೆಯಲ್ಲಿ ಹಾಳಾದದ್ದು ಹಾಡು.

ತಮ್ಮ ಪ್ರಶ್ನೆಗೆ ಇಷ್ಟು ಉದ್ದ ಬರೆದದ್ದು ಅದಕ್ಕಾಗಿ. ‘ಮೈ ಫನ್ನಿ ವ್ಯಾಲೆಂಟೈನ್’ ಅನ್ನು ಒಮ್ಮೆ ಪಿಯಾನೊಗಾಗಿ, ಇನ್ನೊಮ್ಮೆ ಗಿಟಾರಿಗಾಗಿ ಕೇಳಿ ಮತ್ತೆ ಬರೆಯಿರಿ. ಆಗಲೂ ಒಪ್ಪಿಗೆಯಾಗದಿದ್ದರೆ ಆ ಪತ್ರವನ್ನೂ ಅಚ್ಚು ಮಾಡುತ್ತೇನೆ. ಈ ನಡುವೆ ಸಂಗೀತ ಸಭೆಗಳ ಪ್ರಕಟಣೆ ಕಳುಹಿಸುವ ಸಂಘಟಕರಿಗೆ ಒಂದು ಸೂಚನೆ: ಮುಂದಿನ ಸಂಚಿಕೆಯಿಂದ ತಬಲಾ, ಹಾರ್ಮೋನಿಯಂ, ತಂಬೂರಿ ಸಾಥಿಗಳ ಹೆಸರಿಲ್ಲದ ಪ್ರಕಟಣೆಗಳನ್ನು ನಾವು ತೆಗೆದುಕೊಳ್ಳುವುದಿಲ್ಲ. ಗಾಯಕರ ಹೆಸರಿಗೂ ಸಾಥಿಗಳ ಹೆಸರಿಗೂ ಒಂದೇ ಅಳತೆಯ ಅಕ್ಷರ ಇರುತ್ತದೆ.

– ಸಂಪಾದಕ, ಕಲಬುರಗಿ