ನೀರಿನ ಪೈಪು ಎಲ್ಲಿ ಹೋಯಿತು?

ಪ್ರಿಯ ಗೆಳೆಯರಿಗೆ, ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಪ್ಲೈವುಡ್ ಪೆಟ್ಟಿಗೆ, ಹಳೇ ವ್ಯಾಕ್ಯೂಮ್ ಕ್ಲೀನರಿನ ಮೋಟರು, ನೀರು ತುಂಬಿದ ಪೈಪು. ಇಷ್ಟರಲ್ಲೇ ಇಂಜಿನ್ ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದ ಮೂಲಕ ಎಷ್ಟು ಗಾಳಿ ಹೋಗುತ್ತದೆ ಎಂದು ಅಳೆಯುವ ಫ್ಲೋ ಬೆಂಚ್ ಕಟ್ಟಿಕೊಂಡ ಮಿಸ್ತ್ರಿ ನಿಮಗೆ ಸಿಕ್ಕಿದ್ದಾರೆ. ಅಂಥವರ ಪಕ್ಕದಲ್ಲಿ ಕೂತು ಬರೆಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಮೊದಲು ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಮೊದಲ ಪುಟದಲ್ಲೇ ಮಿಸ್ತ್ರಿ ಯಮಹಾ ಆರ್‌ಎಕ್ಸ್ 100 ಗಾಡಿಯ ಹೆಡ್ ಬಿಚ್ಚಿ, ಅದರಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವ್ ಎತ್ತಿ ಅಳೆಯುತ್ತಾರೆ. ಆರ್‌ಎಕ್ಸ್ 100 ಟೂ ಸ್ಟ್ರೋಕ್ ಗಾಡಿ. ಅದರ ಹೆಡ್ಡಿನಲ್ಲಿ ವಾಲ್ವೇ ಇಲ್ಲ, ಸ್ಪಾರ್ಕ್ ಪ್ಲಗ್ಗಿನ ತೂತು ಮಾತ್ರ ಇರುತ್ತದೆ. ಗಾಳಿ ಹೆಡ್ಡಿನ ಹೊರಗಿರುವ ರೀಡ್ ವಾಲ್ವ್ (ಒಂದೇ ಕಡೆಗೆ ತೆರೆಯುವ ತೆಳು ಪಟ್ಟಿ) ದಾಟಿ, ಬ್ಯಾರಲ್ಲಿನ, ಅಂದರೆ ಸಿಲಿಂಡರಿನ, ಗೋಡೆಯಲ್ಲಿರುವ ಪೋರ್ಟುಗಳೆಂಬ ತೂತುಗಳಿಂದ ಒಳಗೆ ಬರುತ್ತದೆ. ನಮ್ಮೂರಲ್ಲಿ ಆರ್‌ಎಕ್ಸ್ ಇಂಜಿನ್ ಬಿಚ್ಚಿದ ಹುಡುಗರು ಓಣಿಗೊಬ್ಬರು ಇದ್ದಾರೆ. ಅವರು ಈ ಸಾಲು ಓದಿದ ಮೇಲೆ ಮುಂದಿನದನ್ನು ನಂಬುವುದಿಲ್ಲ. ಮೂರನೇ ಪುಟದಲ್ಲಿ ಬರುವ ಹಳೇ ಬುಲೆಟ್ 350 ನಿಮ್ಮ ನಿಜವಾದ ಗಾಡಿ. ಅದು ಫೋರ್ ಸ್ಟ್ರೋಕ್, ಹೆಡ್ಡಿನಲ್ಲೇ ವಾಲ್ವ್ ಇದೆ. ಅಲ್ಲಿಂದಲೇ ಶುರು ಮಾಡಿ.

ಇನ್ನು ಆ ನೀರಿನ ಪೈಪು. ಒಂದು ಸಾಲಿನಲ್ಲಿ ಬಂತು, ಆಮೇಲೆ ಕಾಣಲೇ ಇಲ್ಲ. ನನಗೆ ಬಹಳ ಬೇಸರವಾಯಿತು, ಯಾಕೆಂದರೆ ಇಡೀ ಲೇಖನದ ಜೀವ ಅಲ್ಲೇ ಇದೆ. ಮನೆ ಕಟ್ಟುವಾಗ ಗೌಂಡಿಗಳು ಪಾರದರ್ಶಕ ಪೈಪಿನಲ್ಲಿ ನೀರು ಹಾಕಿ ಲೆವೆಲ್ ನೋಡುತ್ತಾರೆ ಅಲ್ವಾ? ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮಿಸ್ತ್ರಿಯ ಪೈಪೂ ಅದೇ. ಮೋಟರು ಗಾಳಿ ಎಳೆಯಲು ಶುರು ಮಾಡಿದರೆ ನೀರು ಒಂದು ಕಡೆ 14 ಇಂಚು ಏರುತ್ತದೆ, ಇನ್ನೊಂದು ಕಡೆ 14 ಇಂಚು ಇಳಿಯುತ್ತದೆ. ಆಗ ಎಳೆತ 28 ಇಂಚು ಎನ್ನುತ್ತಾರೆ. ಎಷ್ಟು ಜೋರಾಗಿ ಎಳೆಯುತ್ತಿದ್ದೇವೆ ಎಂಬುದು ಇದರಿಂದ ಗೊತ್ತಾಗುತ್ತದೆ. ಎಷ್ಟು ಗಾಳಿ ಹೋಯಿತು ಎನ್ನಲು ಅಳತೆ ಗೊತ್ತಿರುವ ಇನ್ನೊಂದು ತೂತು ಬೇಕು, ಅದರ ಎರಡೂ ಬದಿಗೆ ಜೋಡಿಸಿದ ಇನ್ನೊಂದು ಪೈಪು ಬೇಕು. ನೀವು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೀರಿ.

ಎಳೆತ ಹೇಳದೆ ಗಾಳಿಯ ಅಂಕಿ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಒಂದು ಹೆಡ್ 10 ಇಂಚಿನ ಎಳೆತದಲ್ಲಿ ನಿಮಿಷಕ್ಕೆ 60 ಘನ ಅಡಿ ಗಾಳಿ ಬಿಟ್ಟರೆ, ಅದೇ ಹೆಡ್ 28 ಇಂಚಿನಲ್ಲಿ ಸುಮಾರು 100 ಬಿಡುತ್ತದೆ. ಹೆಡ್ಡಿಗೆ ಯಾರೂ ಕೈ ಹಚ್ಚಿರುವುದಿಲ್ಲ. ನಿಮ್ಮ ಲೇಖನದ ಐದು ಅಂಕಿಗಳಲ್ಲಿ ಒಂದಕ್ಕೂ ಎಳೆತ ಬರೆದಿಲ್ಲ. ವಾಲ್ವ್ ಎಷ್ಟು ಮಿಲಿಮೀಟರ್ ಎತ್ತಿದ್ದರು ಅಂತಲೂ ಇಲ್ಲ.

‘ಗಾಳಿ ಹತ್ತು ಹೆಚ್ಚಿತು, ಹಾರ್ಸ್‌ಪವರ್ ಹತ್ತು ಹೆಚ್ಚಿತು’ ಎಂಬ ಸಾಲು ತೆಗೆಯಿರಿ. ಬೆಂಚಿನ ಮೇಲೆ ಗಾಳಿ ಒಂದೇ ಸಮನೆ ಹರಿಯುತ್ತದೆ. ಓಡುವ ಬುಲೆಟ್ಟಿನಲ್ಲಿ, 3000 ಆರ್‌ಪಿಎಂ ಇದ್ದಾಗ, ಇನ್ಲೆಟ್ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪೋರ್ಟ್, ಅಂದರೆ ಹೆಡ್ಡಿನೊಳಗಿನ ಗಾಳಿಯ ದಾರಿ, ಸುಮ್ನೆ ದೊಡ್ಡದು ಮಾಡಿದರೆ ಗಾಳಿಯ ವೇಗ ಕಡಿಮೆಯಾಗಿ, ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಪಿಕಪ್ಪೇ ಬಿದ್ದುಹೋಗಬಹುದು.

ನನಗೆ ತುಂಬ ಇಷ್ಟವಾದದ್ದು ನಾಲ್ಕನೇ ಪುಟ. ಹುಡುಗ ಎರಡು ದಿನ ಕೂತು ಪೋರ್ಟನ್ನು ಕನ್ನಡಿ ಹಾಗೆ ಪಾಲಿಶ್ ಮಾಡುತ್ತಾನೆ. ಅಳೆದು ನೋಡಿದರೆ ಅಂಕಿ ಅಲ್ಲಾಡುವುದಿಲ್ಲ. ಮಿಸ್ತ್ರಿ ಬೈಯುವುದಿಲ್ಲ. ಮುಚ್ಚಿದ ವಾಲ್ವ್ ಕೂರುವ ಸೀಟಿನ 45 ಡಿಗ್ರಿಯ ಅಂಚಿಗೆ ಮೇಲೆ 30, ಕೆಳಗೆ 60 ಡಿಗ್ರಿ ಕಟ್ ಕೊಟ್ಟು ಮತ್ತೆ ಅಳೆಯುತ್ತಾರೆ. ವಾಲ್ವ್ ಎತ್ತಿದ ಮೊದಲ ಎರಡು ಮೂರು ಮಿಲಿಮೀಟರಿನಲ್ಲೇ ಅಂಕಿ ಏರುತ್ತದೆ. ಇದನ್ನು ಮೂರು ಸಾಲಿನಲ್ಲಿ ಮುಗಿಸಿದ್ದೀರಿ, ಯಾಕೆ? ವಾಲ್ವ್ ಆಗಷ್ಟೇ ತೆರೆದಾಗ ಗಾಳಿಗೆ ಇಕ್ಕಟ್ಟಾಗುವುದು ಸೀಟಿನ ಹತ್ತಿರ, ದೂರದ ಪೋರ್ಟಿನಲ್ಲಿ ಅಲ್ಲ. ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ, ವಾಲ್ವ್ ಆ ಇಕ್ಕಟ್ಟನ್ನು ಎರಡು ಸಲ ದಾಟುತ್ತದೆ. ಎರಡು ದಿನದ ದುಡಿಮೆ ಕೈಕೊಟ್ಟಾಗ ಹುಡುಗನ ಮುಖ ಹೇಗಿತ್ತು? ಯಾರು ಏನಂದರು? ಒಂದು ಪೂರ್ತಿ ಪುಟ ಇದಕ್ಕೇ ಕೊಡಿ. ಬೇಕಿದ್ದರೆ ಮೊದಲಿನ ಕಿತ್ತೂರು ಚೆನ್ನಮ್ಮನ ಪ್ರತಿಮೆಯ ವರ್ಣನೆ, ಉಣಕಲ್ ಕೆರೆಯ ಸೂರ್ಯಾಸ್ತ ಎರಡನ್ನೂ ತೆಗೆದುಬಿಡಿ. ಚೆನ್ನಾಗಿವೆ, ಆದರೆ ಇಲ್ಲಿ ಅವಕ್ಕೆ ಕೆಲಸವಿಲ್ಲ.

ಮಾತಿನ ವಿಷಯ. ನಿಮ್ಮ ಮಿಸ್ತ್ರಿ ‘ವಾಯುವಿನ ಹರಿವು ವೃದ್ಧಿಸಿದಾಗ ಯಂತ್ರದ ಸಾಮರ್ಥ್ಯ ಇಮ್ಮಡಿಸುತ್ತದೆ’ ಎನ್ನುತ್ತಾರೆ. ಗ್ರೀಸ್ ಕೈಯಲ್ಲಿ ಚಹಾ ಹಿಡಿದ ಹುಬ್ಬಳ್ಳಿಯವರು ಹೀಗೆ ಮಾತಾಡುವುದನ್ನು ನಾನು ಕೇಳಿಲ್ಲ. ‘ಹೆಡ್ಡಿಗೆ ಉಸಿರಾಡಾಕ ದಾರಿ ಮಾಡಿಕೊಟ್ರ ಗಾಡಿ ತಾನಾ ಎಳಿತೈತ್ರಿ’ ಅಂದಿದ್ದರೆ ನಂಬುತ್ತಿದ್ದೆ. ನಾನು ಹೇಳಿದ ಸಾಲನ್ನೂ ಹಾಕಬೇಡಿ. ಅವರು ಏನಂದರೋ ಅದನ್ನೇ ಬರೆಯಿರಿ.

ಇನ್ನೊಂದು ಸಲ ಹೋಗಿ ಒಂದು ಹೆಡ್ ಪೂರ್ತಿ ಅಳೆಯುವವರೆಗೆ ಪಕ್ಕದಲ್ಲಿ ನಿಂತುಕೊಳ್ಳಿ. ಬುಲೆಟ್ ಹೆಡ್ಡಿನ ಕೆಳಗೆ, ಸಿಲಿಂಡರಿನ ಬದಲು, ಅದರ ಬೋರಿನಷ್ಟೇ (ಸಿಲಿಂಡರಿನ ಒಳ ಅಗಲ), ಅಂದರೆ 70 ಮಿಲಿಮೀಟರಿನ ಪೈಪು ಇಡುತ್ತಾರಾ? ಪೋರ್ಟಿನ ಬಾಯಿಗೆ ಮಕ್ಕಳ ಕ್ಲೇ ಮೆತ್ತಿ ಅಂಚನ್ನು ಗುಂಡಗೆ ಮಾಡುತ್ತಾರಾ? ವಾಲ್ವ್ ಮುಚ್ಚಿಟ್ಟು ಗಾಳಿ ಎಲ್ಲಾದರೂ ಸೋರುತ್ತಿದೆಯಾ ಅಂತ ಮೊದಲು ನೋಡುತ್ತಾರಾ? ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೋ, ಗೋಡೆಯ ಮೇಲೆ ಸೀಮೆಸುಣ್ಣದಲ್ಲೋ? ನೋಡಿಕೊಂಡು ಬಂದು ತಿದ್ದಿ ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ
ಸಂಪಾದಕ